ವಿದ್ಯುತ್ತಿನ ಗಾಡಿಯೂ ಮಾರ್ಪಾಟಿನ ಹಕ್ಕೂ

ಸರಕು ಸಾಗಿಸುವ ವಾಹನವು ಕಾರ್ಖಾನೆಯ ಬಾಗಿಲನ್ನು ದಾಟುವ ಹೊತ್ತಿಗೆ ಸರ್ವಾಂಗಪೂರ್ಣವಾಗಿರುತ್ತದೆಂಬುದು ಅದನ್ನು ನಿರ್ಮಿಸುವವರ ನಂಬಿಕೆ. ಕೊಳ್ಳುವವರ ನಂಬಿಕೆ ಹಾಗಲ್ಲ. ಆದೋನಿಯಂಥ ಊರಿನಲ್ಲಿ ಹೊಸ ಗಾಡಿ ಕೊಂಡವನು ಶೋರೂಮಿನಿಂದ ದೇವಸ್ಥಾನಕ್ಕೂ ದೇವಸ್ಥಾನದಿಂದ ವೆಲ್ಡಿಂಗ್ ಅಂಗಡಿಗೂ ಹೋಗಿ, ಆಮೇಲಷ್ಟೇ ಮನೆಯ ದಾರಿ ಹಿಡಿಯುವನು. ಪಕ್ಕದ ಹಲಗೆಗಳ ಮೇಲೆ ಕಬ್ಬಿಣದ ಕಟಕಟೆ, ತಾಡಪಾಲು ಹೊದಿಸಲು ಕಮಾನಿನಾಕಾರದ ಸರಳುಗಳು, ಹಗ್ಗ ಬಿಗಿಯಲು ಕೊಂಡಿಗಳು, ಹಿಂದಿನ ಅಚ್ಚಿಗೆ ಇನ್ನೊಂದು ಕಮಾನು ಪಟ್ಟಿ, ಮುಂದಿನ ಗಾಜಿನ ಮೇಲೆ ಮಂತ್ರಾಲಯದ ರಾಯರ ಹೆಸರೋ ಉರುಕುಂದದ ಈರಣ್ಣನ ಹೆಸರೋ: ಇವೆಲ್ಲ ಆದ ಮೇಲೆ ಮಾತ್ರ ಆ ಗಾಡಿ ತನ್ನದಾಯಿತೆಂದು ಅವನಿಗೆ ಅನ್ನಿಸುತ್ತದೆ. ಇದನ್ನು ಕೇವಲ ಷೋಕಿಯೆಂದು ತಳ್ಳಿಹಾಕುವವರು ನಮ್ಮ ಸೀಮೆಯ ಸರಕನ್ನೂ ನಮ್ಮ ಸೀಮೆಯ ರಸ್ತೆಯನ್ನೂ ಕಂಡವರಲ್ಲ. ಹೀಗಿರಲು, ಡೀಸೆಲ್ಲಿನ ಬದಲು ವಿದ್ಯುತ್ತಿನಿಂದ ಓಡುವ ಸರಕುಗಾಡಿಯೊಂದು ಈಗ ಬಂದಿದೆ. ಅದರ ನಡುವಿನ ಬ್ಯಾಟರಿಯ ಪೆಟ್ಟಿಗೆಗೆ ಮುದ್ರೆ ಒತ್ತಲಾಗಿದೆ. ಅದನ್ನು ಮುಟ್ಟಬೇಡವೆಂಬ ಎಚ್ಚರಿಕೆಯ ಚೀಟಿಯನ್ನು ಪೆಟ್ಟಿಗೆಯ ಮೇಲೆಯೇ ಅಂಟಿಸಲಾಗಿದೆ. ಮುಟ್ಟಬಾರದ ವಸ್ತುವಿನ ಮೇಲೆ ಒಡೆಯನಿಗಿರುವ ಸ್ವಾಮ್ಯವಾದರೂ ಎಂಥದು?

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳುವುದಕ್ಕೂ ಆದೋನಿಯಲ್ಲಿ ಕೇಳುವುದಕ್ಕೂ ವ್ಯತ್ಯಾಸವುಂಟು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪಿತವಾದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸಂದವು. ಬಳ್ಳಾರಿ ಮೈಸೂರಿಗೆ ಸೇರಿತು. ಗಡಿರೇಖೆ ಹೀಗೆ ಬಿದ್ದರೂ ವ್ಯಾಪಾರದ ರೇಖೆ ಮಾತ್ರ ಹಳೆಯ ಹಾದಿಯಲ್ಲಿಯೇ ಉಳಿಯಿತು. ಹೊಳಗುಂದ, ಕೌತಾಳಂ, ಕೋಸಿಗಿಗಳ ಕನ್ನಡ ಮನೆಗಳಿಗೆ ಸಿರುಗುಪ್ಪ, ಬಳ್ಳಾರಿ, ರಾಯಚೂರುಗಳು ಇಂದಿಗೂ ನೆಂಟಸ್ತಿಕೆಯ ಊರುಗಳು, ಸಂತೆಯ ಊರುಗಳು. ಹತ್ತಿ ಆದೋನಿಯ ಮಾರುಕಟ್ಟೆಗೆ ಬರುತ್ತದೆ. ಟೊಮ್ಯಾಟೊ ಪತ್ತಿಕೊಂಡಕ್ಕೆ ಹೋಗುತ್ತದೆ. ಶೇಂಗಾ, ಮೆಣಸಿನಕಾಯಿ, ಈರುಳ್ಳಿಗಳು ಬೆಲೆ ಕರೆದ ಕಡೆಗೆ ಹೊರಡುತ್ತವೆ. ಈ ಸಾಗಾಟದ ಬಹುಭಾಗವು ದೊಡ್ಡ ಲಾರಿಗಳದ್ದಲ್ಲ, ಹೊಲದಿಂದ ಮಂಡಿಗೆ, ಮಂಡಿಯಿಂದ ಜಿನ್ನಿಗೆ, ಜಿನ್ನಿನಿಂದ ರೈಲು ನಿಲ್ದಾಣದ ಗೋದಾಮಿಗೆ ದಿನಕ್ಕೆ ಹಲವು ಸಲ ತಿರುಗುವ ಸಣ್ಣ ಗಾಡಿಗಳದ್ದು. ಆದೋನಿಯಿಂದ ಎಮ್ಮಿಗನೂರು ಸುಮಾರು 30 ಕಿಲೋಮೀಟರು, ಬಳ್ಳಾರಿ ಸುಮಾರು 70, ಜಿಲ್ಲಾ ಕೇಂದ್ರವಾದ ಕರ್ನೂಲು ಸುಮಾರು 100. ಈ ಮೂರು ಅಂತರಗಳು ವಿದ್ಯುತ್ತಿನ ಗಾಡಿಯ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಣಯಿಸುತ್ತವೆ. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಗಾಡಿಯನ್ನು ಸರಕಿಗೆ ತಕ್ಕಂತೆ ತಿದ್ದಿಕೊಳ್ಳುವ ಅಭ್ಯಾಸ ಮೋಟಾರಿನೊಡನೆ ಬಂದದ್ದಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಅಚ್ಚು, ಗಾಲಿ, ಮೂಕಿ, ನೊಗ ಇಷ್ಟು ಸ್ಥಿರ, ಉಳಿದುದೆಲ್ಲ ಋತುಧರ್ಮ. ಗೊಬ್ಬರ ಹೇರುವ ತಿಂಗಳಲ್ಲಿ ತಟ್ಟಿ, ಮೇವು ಹೇರುವಾಗ ಎತ್ತರದ ಗೂಟಗಳು, ಜಾತ್ರೆಗೆ ಹೊರಟಾಗ ಮೇಲೆ ಬಿದಿರಿನ ಕೊಲ್ಲಾರಿ. ಒಂದೇ ಬಂಡಿ ವರ್ಷದಲ್ಲಿ ಹಲವು ರೂಪಗಳನ್ನು ತಳೆಯುತ್ತಿತ್ತು. ಬಡಿಗನೂ ಕಮ್ಮಾರನೂ ಊರೊಳಗೆಯೇ ಇದ್ದುದರಿಂದ ಬಂಡಿಯ ದೋಷ ಕಂಡವನಿಗೂ ಅದನ್ನು ತಿದ್ದುವವನಿಗೂ ನಡುವೆ ಬೀದಿಯೊಂದರಷ್ಟೇ ಅಂತರವಿತ್ತು. ಕಬ್ಬಿಣದ ಹಳಿ ಬಿಗಿದ ಗಾಲಿಯ ಬದಲು ರಬ್ಬರಿನ ಟೈರು ಹಾಕಿದ ಬಂಡಿ ಬಂದಾಗಲೂ ನಮ್ಮ ಒಕ್ಕಲಿಗರು ಅದನ್ನು ಆಶ್ಚರ್ಯದಿಂದ ನೋಡಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ, ಮೇಲ್ಮೈಯನ್ನು ತಮ್ಮ ಸರಕಿನ ಅಳತೆಗೆ ಕಟ್ಟಿಕೊಂಡರು. ಮಾರ್ಪಾಟೆಂಬುದು ಅವರಿಗೆ ವಿಶೇಷಾಧಿಕಾರವಾಗಿರಲಿಲ್ಲ. ಒಡೆತನದ ಸಹಜ ವ್ಯಾಪಾರವಾಗಿತ್ತು.

ಮೋಟಾರು ವಾಹನದ ವಿಷಯ ಬೇರೆ. ಬಂಡಿ ಮುರಿದರೆ ಬಂಡಿಯವನ ಸೊಂಟ ಮುರಿಯಬಹುದು. ಅತಿಭಾರ ಹೇರಿದ ಮೋಟಾರು ಬ್ರೇಕು ಹಿಡಿಯದೆ ಹೋದರೆ ದಾರಿಯಲ್ಲಿ ನಡೆಯುವವನ ಪ್ರಾಣ ಹೋಗುತ್ತದೆ. ಆದುದರಿಂದಲೇ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳು ನಿರ್ಮಾಪಕನು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ಒಡೆಯನು ವಾಹನವನ್ನು ಬದಲಿಸಕೂಡದೆಂದು ವಿಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಮೊಕದ್ದಮೆಯೊಂದರಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ಕಲಮು ಮತ್ತೊಂದು ಬಾಗಿಲನ್ನು ತೆರೆದಿಟ್ಟಿದೆಯೆಂಬುದನ್ನೂ ಮರೆಯತಕ್ಕದ್ದಲ್ಲ: ಎಂಜಿನ್ನನ್ನು ಬ್ಯಾಟರಿ, ಅನಿಲ, ಸೌರಶಕ್ತಿ ಮುಂತಾದ ಬೇರೊಂದು ಶಕ್ತಿಮೂಲಕ್ಕೆ ಹೊಂದಿಸುವ ಪರಿವರ್ತನಾ ಸಾಮಗ್ರಿಯನ್ನು ಷರತ್ತುಗಳಿಗೆ ಒಳಪಟ್ಟು ಅಳವಡಿಸಲು ಅದು ಅವಕಾಶ ಕೊಡುತ್ತದೆ. ವಿಚಿತ್ರವೆಂದರೆ, ಗಾಡಿಯ ಹೃದಯವನ್ನೇ ಕಿತ್ತು ಬದಲಿಸುವುದಕ್ಕೆ ಇರುವಷ್ಟು ಸ್ಪಷ್ಟವಾದ ದಾರಿ ಅದರ ಪಕ್ಕದ ಹಲಗೆಯನ್ನು ಒಂದು ಮೊಳ ಎತ್ತರಿಸುವುದಕ್ಕೆ ನಮ್ಮ ಜನಕ್ಕೆ ಕಾಣುವುದಿಲ್ಲ. ಕಾಣದ ದಾರಿಯಲ್ಲಿ ಯಾರೂ ನಡೆಯರು. ಎಲ್ಲರೂ ಬೇಲಿ ಹಾರುತ್ತಾರೆ. ತಪಾಸಣೆಯ ದಿನ ಕಟಕಟೆಯನ್ನು ಬಿಚ್ಚಿಟ್ಟು ಮಾರನೆಯ ದಿನ ಮತ್ತೆ ಬಿಗಿಯುತ್ತಾರೆ. ಆಚರಣೆಗೂ ಶಾಸನಕ್ಕೂ ಹೀಗೆ ಮುಖಾಮುಖಿಯೇ ಇಲ್ಲದಿರುವುದು ಎರಡಕ್ಕೂ ಗೌರವ ತರತಕ್ಕದ್ದಲ್ಲ.

ಅಮೆರಿಕದಲ್ಲಿ ಪಿಕಪ್ಪೆಂದರೆ ಬೇರೆಯೇ ಪದಾರ್ಥ. ಅಲ್ಲಿ ವಿದ್ಯುತ್ತಿನ ಪಿಕಪ್ಪುಗಳಾಗಿ 2021ರಲ್ಲಿ ರಿವಿಯನ್ ಸಂಸ್ಥೆಯ ಗಾಡಿ, 2022ರಲ್ಲಿ ಫೋರ್ಡಿನ ಎಫ್-150 ಲೈಟ್ನಿಂಗ್, 2023ರ ಕೊನೆಗೆ ಟೆಸ್ಲಾದ ಸೈಬರ್‌ಟ್ರಕ್ ರಸ್ತೆಗಿಳಿದವು. ಅವುಗಳ ಒಡೆಯರು ಹಿಂಬದಿಗೆ ಮುಚ್ಚಳ, ಡೇರೆ, ಉಪಕರಣದ ಪೆಟ್ಟಿಗೆ, ದಪ್ಪ ಟೈರು ಇತ್ಯಾದಿಗಳನ್ನು ಜೋಡಿಸಿಕೊಂಡು ಪರಸ್ಪರ ಹೋಲಿಸಿ ನೋಡುವುದರಲ್ಲಿ ರಜಾದಿನಗಳನ್ನು ಕಳೆಯುತ್ತಾರೆ. ಅವರ ಗಾಡಿಯ ಹಿಂಬದಿ ಬಹಳಷ್ಟು ದಿನ ಬರಿದಾಗಿಯೇ ಇರುತ್ತದೆಂದು ಪರಿಹಾಸ್ಯ ಮಾಡುವವರು ಅಲ್ಲಿಯೇ ಇದ್ದಾರೆ. ನಮ್ಮ ಗಾಡಿಯ ಹಿಂಬದಿ ಬರಿದಾಗಿದ್ದರೆ ಒಲೆಯ ಮೇಲೆ ಎಸರು ಏರುವುದಿಲ್ಲ. ಆದಕಾರಣ ಅವರ ಅನುಭವವನ್ನು ನಮ್ಮ ಮೇಲೆ ಆರೋಪಿಸಿಕೊಳ್ಳುವುದು ಯುಕ್ತವಲ್ಲ. ಆದರೂ ಅವರಿಂದ ಗ್ರಹಿಸಬೇಕಾದ ಅಂಶವೊಂದುಂಟು, ಅದನ್ನು ತಕ್ಕ ಸ್ಥಳದಲ್ಲಿ ಹೇಳುತ್ತೇನೆ.

ನಮ್ಮಲ್ಲಿ ಈ ಜಾತಿಯ ಗಾಡಿಗಳ ವಂಶಕ್ಕೆ ಮೂಲಪುರುಷನೆನ್ನಬಹುದಾದ ಟಾಟಾ ಏಸ್ 2005ರಲ್ಲಿ ಬಂತು; ಎತ್ತಿನ ಬಂಡಿಗೂ ಲಾರಿಗೂ ನಡುವೆ ಇದ್ದ ಶೂನ್ಯವನ್ನು ಅದು ತುಂಬಿತು; ಜನ ಅದಕ್ಕೆ ಮರಿ ಆನೆಯೆಂಬರ್ಥದ ಅಡ್ಡಹೆಸರನ್ನು ಕೊಟ್ಟರು. ಅದರ ವಿದ್ಯುತ್ ಅವತಾರವು 2022ರ ಮೇ ತಿಂಗಳಲ್ಲಿ ಪ್ರಕಟವಾಯಿತು, 21.3 ಯೂನಿಟ್ ಹಿಡಿಯುವ ಬ್ಯಾಟರಿ, ಪರೀಕ್ಷಾಲಯದ ಪ್ರಮಾಣದಂತೆ ಒಂದು ಚಾರ್ಜಿಗೆ 154 ಕಿಲೋಮೀಟರು ಓಟ. 2025ರ ಜೂನಿನಲ್ಲಿ ಬಂದ ಏಸ್ ಪ್ರೊ ಇನ್ನೂ ಚಿಕ್ಕದು: 750 ಕಿಲೋ ಹೊರೆ, 14.4 ಯೂನಿಟ್ಟಿನ ಬ್ಯಾಟರಿ, ಪ್ರಮಾಣಿತ ಓಟ 155 ಕಿಲೋಮೀಟರು. ಒಂದೇ ಗಾಡಿ ಪೆಟ್ರೋಲಿನಲ್ಲಿಯೂ ವಿದ್ಯುತ್ತಿನಲ್ಲಿಯೂ ದೊರೆಯುವುದರಿಂದ ತುಲನೆ ಸುಲಭ. ಪೆಟ್ರೋಲಿನದಕ್ಕೆ ಬಿಡುಗಡೆಯ ಬೆಲೆ 3.99 ಲಕ್ಷ ರೂಪಾಯಿ, ವಿದ್ಯುತ್ತಿನದಕ್ಕೆ 6.50 ಲಕ್ಷ. ಎರಡೂವರೆ ಲಕ್ಷದ ಈ ಅಂತರವನ್ನು ಓಡಿಸಿ ತೀರಿಸಬೇಕು. ಪೆಟ್ರೋಲ್ ಗಾಡಿ ಲೀಟರಿಗೆ 20 ಕಿಲೋಮೀಟರು ಓಡುತ್ತದೆಂದೂ, ಲೀಟರಿಗೆ 110 ರೂಪಾಯಿಯೆಂದೂ, ವಿದ್ಯುತ್ತು ಯೂನಿಟ್ಟಿಗೆ 10 ರೂಪಾಯಿಯೆಂದೂ ಹಿಡಿದರೆ ಕಿಲೋಮೀಟರಿಗೆ ಹೆಚ್ಚುಕಡಮೆ ನಾಲ್ಕು ರೂಪಾಯಿ ಉಳಿಯುತ್ತದೆ. ಅಂದರೆ ಅಂತರ ತೀರಲು ಸುಮಾರು 63,000 ಕಿಲೋಮೀಟರು ಬೇಕು. ದಿನಕ್ಕೆ 60 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದವನಿಗೆ ಮೂರೂವರೆ ವರ್ಷ. ಹತ್ತಿಯ ಹಂಗಾಮಿನಲ್ಲಿ ಮಾತ್ರ ಓಡಿ ಬೇಸಗೆಯಲ್ಲಿ ಬೇವಿನ ನೆರಳಿನಲ್ಲಿ ನಿಲ್ಲುವ ಗಾಡಿಗೆ ಈ ಲೆಕ್ಕ ಏಳು ವರ್ಷಕ್ಕೂ ಮೀರಬಹುದು. ಇಂಧನ ಅಗ್ಗ, ಆದುದರಿಂದ ಗಾಡಿ ಲಾಭವೆಂದು ಹೇಳುವ ಮಾರಾಟಗಾರನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆ ಲಾಭ ನಿಂತ ಗಾಡಿಗೆ ಸಲ್ಲದು, ಓಡುವ ಗಾಡಿಗೆ ಮಾತ್ರ.

ಇನ್ನು ಓಟದ ಮಾತು. ಪ್ರಮಾಣಪತ್ರದ 155 ಕಿಲೋಮೀಟರು ತುಂಬಿದ ಹೊರೆಗೂ, ಗುಂಡಿಬಿದ್ದ ರಸ್ತೆಗೂ, 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೂ ಅನ್ವಯಿಸುವ ಸಂಖ್ಯೆಯಲ್ಲ. ಅದರ ಮೂರರಲ್ಲಿ ಎರಡು ಪಾಲು ಕೈಗೆ ಸಿಕ್ಕಿತೆಂದರೆ 100 ಕಿಲೋಮೀಟರು. ಎಮ್ಮಿಗನೂರಿಗೆ ಹೋಗಿ ಬರುವ 60 ಇದರೊಳಗೆ ನಿರಾತಂಕವಾಗಿ ಅಡಗುತ್ತದೆ; ಬಳ್ಳಾರಿಗೆ ಹೋಗಬಹುದು, ಅಲ್ಲಿ ಚಾರ್ಜು ಮಾಡದೆ ಹಿಂದಿರುಗಲಾಗದು; ಕರ್ನೂಲಿಗೆ ಹೊರಟವನು ಊರ ಮುಂದೆ ಬಂದು ಉಸಿರು ಬಿಗಿಹಿಡಿಯಬೇಕಾದೀತು. ಆದುದರಿಂದ ವಿದ್ಯುತ್ತಿನ ಗಾಡಿಯನ್ನು ಇಟ್ಟುಕೊಂಡವನು ತನ್ನ ವ್ಯಾಪಾರದ ನಕ್ಷೆಯನ್ನೇ ಹೊಸದಾಗಿ ಬರೆದುಕೊಳ್ಳುತ್ತಾನೆ. ಸಿಕ್ಕಿದ ಬಾಡಿಗೆಗೆಲ್ಲ ಹೂಂ ಎನ್ನುವುದು ಡೀಸೆಲ್ ಗಾಡಿಯವನ ಗುಣ. ಬಾಡಿಗೆ ಹೇಳಿದವನಿಗೆ ಮೊದಲು ಊರು ಯಾವುದು, ಹೊರೆ ಎಷ್ಟು, ಹಿಂದಿರುಗುವಾಗ ಖಾಲಿಯೋ ತುಂಬಿಯೋ ಎಂದು ಕೇಳುವುದು ವಿದ್ಯುತ್ ಗಾಡಿಯವನ ಗುಣ. ದಲಾಲಿ ಅಂಗಡಿಯವರು ಈ ಪ್ರಶ್ನೆಗಳನ್ನು ಅಹಂಕಾರವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಅಂಕಗಣಿತ.

ಮನೆಯಲ್ಲಿ ಚಾರ್ಜು ಮಾಡುವುದು ಬಹಳ ಸುಲಭವೆಂದು ಹೇಳುವುದುಂಟು. ಹದಿನಾರು ಆಂಪಿಯರಿನ ಪ್ಲಗ್ಗು ಇದ್ದರೆ ಸಾಕೆನ್ನುತ್ತಾರೆ. ಆದರೆ ಆ ಪ್ಲಗ್ಗಿನ ಮೂರನೆಯ ತೂತು ನಮ್ಮ ಬಹಳಷ್ಟು ಮನೆಗಳಲ್ಲಿ ಅಲಂಕಾರಕ್ಕಿರುವಂಥದು. ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರಿನ ಕೆಂಪು ದೀಪ ಹೊತ್ತಿ ಕೆಲಸ ನಿಲ್ಲುತ್ತದೆ, ಗಾಡಿ ಕೆಟ್ಟಿತೆಂದು ಒಡೆಯನು ಕಂಪನಿಯವರಿಗೆ ಫೋನು ಮಾಡುತ್ತಾನೆ, ಕೆಟ್ಟಿರುವುದು ನೆಲ. ಬಂಡೆಯ ಮೇಲೆ ಕೂತಂತಿರುವ ಊರುಗಳಲ್ಲಿ, ಏಪ್ರಿಲ್ ಮೇ ತಿಂಗಳ ಒಣಮಣ್ಣಿನಲ್ಲಿ, ಉಪ್ಪು ಇದ್ದಿಲು ತುಂಬಿದ ಗುಂಡಿಗೆ ವಾರಕ್ಕೊಮ್ಮೆ ನೀರು ಹೊಯ್ಯದೆ ಅರ್ತಿಂಗ್ ನಿಲ್ಲುವುದಿಲ್ಲ. ಎತ್ತಿಗೆ ನೀರು ಕುಡಿಸುತ್ತಿದ್ದ ಕೈ ಈಗ ನೆಲಕ್ಕೆ ನೀರು ಕುಡಿಸಬೇಕಾಗಿದೆ. ಸಂಜೆಯ ಹೊತ್ತು ವೋಲ್ಟೇಜು ಕುಸಿದಾಗ ಚಾರ್ಜು ನಿಂತು, ನಡುರಾತ್ರಿಯ ಮೇಲೆ ಮತ್ತೆ ಹಿಡಿಯುವುದೂ ಉಂಟು. ಹೀಗಾಗಿ ಬೆಳಗಿನ ಜಾವ ಎದ್ದು ಬ್ಯಾಟರಿಯ ಅಂಕಿಯನ್ನು ನೋಡುವುದು ಗಾಡಿಯವನ ಮನೆಯಲ್ಲಿ ಹಾಲು ಕಾಯಿಸುವುದಕ್ಕಿಂತ ಮೊದಲಿನ ಕೆಲಸವಾಗಿದೆ. ಗಾಡಿಗೆ ಮಾಡಬೇಕಾದ ಮೊಟ್ಟಮೊದಲನೆಯ ಮಾರ್ಪಾಟು ಗಾಡಿಗಲ್ಲ, ಮನೆಯ ವೈರಿಂಗಿಗೆ ಎಂಬ ಮಾತನ್ನು ಯಾವ ಶೋರೂಮಿನವರೂ ಹೇಳುವುದಿಲ್ಲ.

ಇಲ್ಲೊಂದು ಪ್ರಲೋಭನೆಯನ್ನು ಪ್ರಸ್ತಾಪಿಸದೆ ಮುಂದುವರಿಯುವುದು ಅಪ್ರಾಮಾಣಿಕತೆಯಾದೀತು. ಆಂಧ್ರದಲ್ಲಿ ಕೃಷಿ ಪಂಪುಗಳಿಗೆ ಹಗಲು ಒಂಬತ್ತು ಗಂಟೆ ಉಚಿತ ವಿದ್ಯುತ್ತಿನ ವ್ಯವಸ್ಥೆಯಿದೆ. ಹೊಲದ ಮೋಟಾರು ಪೆಟ್ಟಿಗೆಯಿಂದ ಒಂದು ತಂತಿ ಎಳೆದು ಗಾಡಿಗೆ ಚಾರ್ಜು ಮಾಡಿಕೊಂಡರೆ ಯಾರಿಗೆ ನಷ್ಟವೆಂದು ಕೇಳುವವರಿದ್ದಾರೆ. ನೀರೆತ್ತಲೆಂದು ಸಮಾಜ ಕೊಟ್ಟದ್ದನ್ನು ಬಾಡಿಗೆ ದುಡಿಯಲು ಬಳಸುವುದು ನೆರೆಯವನ ಪಾಲಿನ ಅಪಹರಣ. ಬೇಸಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಅದರ ಶಿಕ್ಷೆಯನ್ನು ಒಣಗಿದ ಬೆಳೆಯ ರೂಪದಲ್ಲಿ ಅನುಭವಿಸುವವನು ಅದೇ ನೆರೆಯವನು. ಅಗ್ಗದ ಇಂಧನದ ವಾದ ಇಷ್ಟು ಕೆಳಗಿಳಿಯುವುದಾದರೆ ಆ ವಾದವೇ ಬೇಡ. ಅದರ ಅಗತ್ಯವೂ ಇಲ್ಲ: ಆಲೂರು ಆಸ್ಪರಿಗಳ ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ, ಕರ್ನೂಲಿನ ಪೂರ್ವಕ್ಕೆ ಗನಿ, ಶಕುನಾಲಗಳ ಬಳಿ 1,000 ಮೆಗಾವ್ಯಾಟ್ ಸೌರ ವಿದ್ಯುತ್ ಕ್ಷೇತ್ರ 2017ರಿಂದ ನಡೆಯುತ್ತಿದೆ. ವಿದ್ಯುತ್ತು ಹುಟ್ಟುವ ಸೀಮೆಯಲ್ಲಿದ್ದು ಮೀಟರಿನ ದಾರಿಯಿಂದ ಅದನ್ನು ಪಡೆಯಲಾರದವರಾದರೆ ದೋಷ ಗಾಡಿಯದಲ್ಲ.

ಈಗ ಮಾರ್ಪಾಟಿನ ಪ್ರಕರಣಕ್ಕೆ ಬರೋಣ. ಡೀಸೆಲ್ ಗಾಡಿಗೆ ಮಾಡಿದ ಮಾರ್ಪಾಟಿನ ವೆಚ್ಚ ಒಡೆಯನ ಕಣ್ಣಿಗೆ ಬೀಳುತ್ತಿರಲಿಲ್ಲ. ಕಟಕಟೆಯ ತೂಕ, ಗಾಳಿಯ ತಡೆ, ಹೆಚ್ಚುವರಿ ದೀಪಗಳು, ತಲೆಯ ಮೇಲಿನ ಹೊರೆಕಟ್ಟು, ಇವೆಲ್ಲವೂ ಸೇರಿ ಕಬಳಿಸಿದ ಎಣ್ಣೆ ತಿಂಗಳ ಕೊನೆಯ ಬಂಕಿನ ಲೆಕ್ಕದಲ್ಲಿ ಕರಗಿಹೋಗುತ್ತಿತ್ತು. ಬೆಲೆ ಏರಿತೆಂದು ಸರ್ಕಾರವನ್ನು ಬೈದು ಸುಮ್ಮನಾಗುತ್ತಿದ್ದರು. ವಿದ್ಯುತ್ತಿನ ಗಾಡಿಯಲ್ಲಿ ಹಾಗಲ್ಲ. ಎದುರಿನ ಫಲಕದ ಮೇಲೆ ಉಳಿದ ಕಿಲೋಮೀಟರುಗಳ ಅಂಕಿ ಕ್ಷಣಕ್ಷಣಕ್ಕೂ ಕಾಣುತ್ತದೆ. ನಿನ್ನೆ 96 ಎಂದು ತೋರಿಸಿದ್ದು ಕಟಕಟೆ ಬಿಗಿದ ಮಾರನೆಯ ದಿನ 84 ಎಂದು ತೋರಿಸಿದರೆ ಆ ಹನ್ನೆರಡು ಎಲ್ಲಿ ಹೋದವೆಂದು ಯೋಚಿಸದೆ ಗತಿಯಿಲ್ಲ. ಮಾರ್ಪಾಟಿನ ಪ್ರತಿಯೊಂದು ಅಂಶವೂ ತನ್ನ ಬೆಲೆಯನ್ನು ತಾನೇ ಹೇಳಿಕೊಳ್ಳುವ ಗಾಡಿ ಇದು. ಇದುವರೆಗೆ ರೂಢಿ, ಅನುಕರಣೆ, ಆಡಂಬರಗಳಿಂದ ನಡೆಯುತ್ತಿದ್ದ ಒಂದು ಕುಶಲಕರ್ಮಕ್ಕೆ ಮೊಟ್ಟಮೊದಲ ಬಾರಿಗೆ ಮಾಪನವೊಂದು ದೊರೆತಿದೆ. ವಿದ್ಯುತ್ತಿನ ಗಾಡಿಯು ಮಾರ್ಪಾಟಿನ ಕಾಲವನ್ನು ಮುಗಿಸಿತೆಂದು ದುಃಖಿಸುವವರೊಡನೆ ನನ್ನ ಭಿನ್ನಾಭಿಪ್ರಾಯ ಇಲ್ಲಿಯೇ. ಮುಗಿಸಿಲ್ಲ, ಅದನ್ನು ವಿವೇಕದ ಕೈಗೆ ಒಪ್ಪಿಸಿದೆ.

ಹತ್ತಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಜಿನ್ನಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ಬೇಲು 170 ಕಿಲೋ ತೂಗುತ್ತದೆ, ಸ್ವಲ್ಪವೇ ಜಾಗ ಹಿಡಿಯುತ್ತದೆ. ಹೊಲದಿಂದ ಬರುವ ಬಿಡಿಹತ್ತಿಯಾದರೋ ಗಾಡಿಯ ತೊಟ್ಟಿ ತುಂಬಿ ತುಳುಕಿದರೂ ತೂಕದ ಮಿತಿಯನ್ನು ಮುಟ್ಟುವುದಿಲ್ಲ. ಇಲ್ಲಿ ಗಾಡಿಗೆ ಕೊರತೆಯಾಗಿರುವುದು ಬಲವಲ್ಲ, ಅವಕಾಶ. ಆದುದರಿಂದ ಹಲಗೆಯನ್ನು ಎತ್ತರಿಸುವುದು ನ್ಯಾಯವಾದ ಮಾರ್ಪಾಟು. ಆದರೆ ಎತ್ತರಿಸುವುದು ಹೇಗೆ? ದಪ್ಪ ಕಬ್ಬಿಣದ ಕೋನಪಟ್ಟಿಯಿಂದ ಎತ್ತರಿಸಿದರೆ ಕಟಕಟೆಯೇ 80 ಕಿಲೋ ಆಗಿ, 750 ಕಿಲೋ ಹೊರೆಯ ಹಕ್ಕಿನಲ್ಲಿ ಅಷ್ಟು ಖಾಯಮ್ಮಾಗಿ ಸೋರಿಹೋಗುತ್ತದೆ. ಖಾಲಿ ಬರುವಾಗಲೂ ಆ ಕಬ್ಬಿಣವನ್ನು ಬ್ಯಾಟರಿ ಹೊರಬೇಕು. ಬಿದಿರಿನದೋ ಅಲ್ಯೂಮಿನಿಯಮ್ಮಿನದೋ ಬಿಚ್ಚಿಡಬಹುದಾದ ಚೌಕಟ್ಟಾದರೆ ಹಂಗಾಮಿನಲ್ಲಿ ಮಾತ್ರ ಏರುತ್ತದೆ, ಉಳಿದ ಕಾಲದಲ್ಲಿ ಅಟ್ಟದ ಮೇಲಿರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಎತ್ತರದ ಹೊರೆ ಹೊತ್ತು 60ರ ವೇಗದಲ್ಲಿ ಹೋಗುವ ಗಾಡಿಯು 40ರ ವೇಗದಲ್ಲಿ ಹೋಗುವುದಕ್ಕಿಂತ ಎರಡೂಕಾಲು ಪಟ್ಟು ತಡೆಯನ್ನು ಎದುರಿಸುತ್ತದೆ. ಹತ್ತಿಯ ಗಾಡಿಯವನು ನಿಧಾನವಾಗಿ ಹೋಗುವುದೂ ಒಂದು ಮಾರ್ಪಾಟೇ, ಅದಕ್ಕೆ ವೆಲ್ಡಿಂಗ್ ಅಂಗಡಿ ಬೇಕಾಗಿಲ್ಲ. ಕೊಲ್ಲಾರಿ ಕಟ್ಟುತ್ತಿದ್ದ ಮೇದರ ಕಸಬು ಈ ನೆಪದಲ್ಲಿ ಮತ್ತೆ ಜೀವ ಪಡೆದರೆ ನನಗೆ ಆಶ್ಚರ್ಯವಾಗದು.

ಕಮಾನು ಪಟ್ಟಿಯ ವಿಷಯ ಹೀಗಲ್ಲ. ಹೆಚ್ಚು ಪಟ್ಟಿ ಹಾಕಿಸುವವನು ಹೆಚ್ಚು ಭಾರ ಹೇರುವ ಸಂಕಲ್ಪವನ್ನು ಆಗಲೇ ಮಾಡಿಕೊಂಡಿರುತ್ತಾನೆ. ಕಮಾನು ತಾಳಿಕೊಂಡೀತು, ಬ್ರೇಕು, ಟೈರು, ಮೋಟಾರು ತಾಳಿಕೊಳ್ಳುತ್ತವೆಂದು ಯಾರು ಹೇಳಿದರು? ಅತಿಭಾರಕ್ಕೆ ಕಾಯಿದೆಯಂತೆ 20,000 ರೂಪಾಯಿ ದಂಡವೂ, ಹೆಚ್ಚಿದ ಒಂದೊಂದು ಟನ್ನಿಗೆ ಮತ್ತೆ 2,000 ರೂಪಾಯಿಯೂ ಬೀಳುತ್ತವೆ. ದಂಡಕ್ಕಿಂತ ದೊಡ್ಡದು ಗಾಡಿ ದಾರಿಯಲ್ಲಿ ನಿಂತ ದಿನದ ಕೂಲಿ. ಇನ್ನು ಸರಕಿನ ತೊಟ್ಟಿಯಲ್ಲಿ ಬೆಂಚು ಹಾಕಿ ಜನರನ್ನು ಕೂರಿಸುವ ಪದ್ಧತಿ. ಹತ್ತಿ ಬಿಡಿಸುವ ಹೆಂಗಸರನ್ನು ಹೊಲಕ್ಕೆ ಒಯ್ಯಲು, ಶ್ರಾವಣದಲ್ಲಿ ಉರುಕುಂದಕ್ಕೆ, ದಸರೆಯಲ್ಲಿ ದೇವರಗಟ್ಟಿಗೆ ಭಕ್ತರನ್ನು ಸೇರಿಸಲು ಈ ಮಾರ್ಪಾಟು ಎಲ್ಲೆಲ್ಲಿಯೂ ಕಾಣುತ್ತದೆ. ಬಸ್ಸಿಲ್ಲದ ಹಳ್ಳಿಯವರ ಕಷ್ಟ ನನಗೆ ತಿಳಿಯದೆ ಇಲ್ಲ. ಆದರೂ ಸರಕಿಗಾಗಿ ಕಟ್ಟಿದ ತೊಟ್ಟಿಯಲ್ಲಿ ಮನುಷ್ಯನನ್ನು ಹೇರುವುದನ್ನು ಯಾವ ಬಡತನವೂ ಸಮರ್ಥಿಸಲಾರದು. ಅದಕ್ಕೆ ಪರಿಹಾರ ಬಸ್ಸು, ಬೆಂಚಲ್ಲ.

ಶಬ್ದದ ವಿಷಯವಾಗಿ ಒಂದು ಮಾತು. ಈ ಗಾಡಿ ಸದ್ದಿಲ್ಲದೆ ಬರುತ್ತದೆ. ಮಂಡಿಯ ಅಂಗಳದಲ್ಲಿ ಬೆನ್ನ ಮೇಲೆ ಮೂಟೆ ಹೊತ್ತು ತಲೆಬಾಗಿ ನಡೆಯುವ ಹಮಾಲನಿಗೆ ಹಿಂದೆ ಗಾಡಿ ಇದೆಯೆಂಬುದೇ ಗೊತ್ತಾಗುವುದಿಲ್ಲ. ಸಂಜೆ ಹಿಂದಿರುಗುವ ದನಗಳಿಗಂತೂ ಸರಿಯೇ ಸರಿ. ಎತ್ತಿನ ಕೊರಳಿಗೆ ಗಂಟೆ ಕಟ್ಟಿದವರು ಸಂಗೀತಕ್ಕಾಗಿ ಮಾತ್ರ ಕಟ್ಟಿರಲಿಲ್ಲವಷ್ಟೆ. ನಿಧಾನಗತಿಯಲ್ಲಿ ಮಾತ್ರ ಹೊರಡುವ ಒಂದು ಮೃದುವಾದ ಸೂಚನಾ ಧ್ವನಿಯನ್ನು ಕಂಪನಿಯವರೇ ಅಳವಡಿಸಿ ಕೊಡಲಿ. ಅದು ಇಲ್ಲವೆಂದು ಕಿವಿ ಒಡೆಯುವ ಹಾರನ್ನನ್ನು ತಂದು ಜೋಡಿಸುವುದು ಒಂದು ದೋಷವನ್ನು ಇನ್ನೊಂದರಿಂದ ಮುಚ್ಚಿದಂತೆ.

ಅಮೆರಿಕದಿಂದ ಗ್ರಹಿಸಬೇಕಾದ ಅಂಶವೊಂದಿದೆ ಎಂದೆನಲ್ಲ, ಅದು ಇದು: ಫೋರ್ಡಿನ ಆ ಗಾಡಿಯ ಕೆಲವು ಮಾದರಿಗಳ ಹಿಂಬದಿಯಲ್ಲಿ ಪ್ಲಗ್ಗುಗಳಿದ್ದು, ಗಾಡಿಯ ಬ್ಯಾಟರಿಯಿಂದ 9.6 ಕಿಲೋವ್ಯಾಟಿನವರೆಗೆ ಶಕ್ತಿಯನ್ನು ಹೊರಗೆ ತೆಗೆಯಬಹುದು. ಹೊಲದ ನಡುವೆ ಔಷಧ ಸಿಂಪಡಿಸುವ ಯಂತ್ರಕ್ಕೆ, ರಾತ್ರಿ ಮೆಣಸಿನಕಾಯಿ ಒಣಗಿಸುವ ಕಣದ ದೀಪಕ್ಕೆ, ತೂಕದ ಯಂತ್ರಕ್ಕೆ, ಕಬ್ಬಿಣ ಕೊರೆಯುವ ಉಪಕರಣಕ್ಕೆ ಇಂಥ ಪ್ಲಗ್ಗು ನಮ್ಮ ಒಕ್ಕಲಿಗನಿಗೆ ಅಮೆರಿಕದವನಿಗಿಂತ ನೂರು ಪಾಲು ಉಪಯುಕ್ತ. ಮೂರು ಎಚ್‌ಪಿ ಪಂಪನ್ನು ನಡೆಸಹೊರಟರೆ ಮಾತ್ರ 14 ಯೂನಿಟ್ಟಿನ ಬ್ಯಾಟರಿ ಐದಾರು ಗಂಟೆಯಲ್ಲಿ ಬರಿದಾಗಿ ಗಾಡಿ ಬಾವಿಯ ಬಳಿಯೇ ಮಲಗುತ್ತದೆಂಬ ಎಚ್ಚರ ಬೇಕು. ಸೋಜಿಗವೇನೆಂದರೆ, ನಮಗೆ ಅತ್ಯಂತ ಪ್ರಯೋಜನವಾಗುವ ಈ ಮಾರ್ಪಾಟನ್ನು ನಮ್ಮ ಊರಿನ ಮೆಕ್ಯಾನಿಕ್ ಮಾಡಕೂಡದು. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕಿತ್ತಳೆ ಬಣ್ಣದ ತಂತಿಗಳಲ್ಲಿ ಹರಿಯುವುದು ಪ್ರಾಣ ತೆಗೆಯುವ ವಿದ್ಯುತ್ತು. ಅಲ್ಲಿಗೆ ಇಕ್ಕಳ ಹಾಕುವುದು ಧೈರ್ಯವಲ್ಲ, ಅವಿವೇಕ. ಮಾಡಬಲ್ಲವರು ನಿರ್ಮಾಪಕರು ಮಾತ್ರ. ಮಾಡಬೇಕೆಂದು ಅವರನ್ನು ಕೇಳುವವರು ನಾವಾಗಬೇಕು.

ನಿರ್ಮಾಪಕರ ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳತಕ್ಕದ್ದು. ಗಾಡಿಯನ್ನು ಇಡಿಯಾಗಿ ಮುದ್ರಿಸಿಟ್ಟರೆ ಅಪಘಾತ ಕಡಮೆ, ವಾರಂಟಿಯ ತಗಾದೆ ಕಡಮೆ, ವಿಮೆಯವರ ತಕರಾರು ಕಡಮೆ ಎನ್ನುತ್ತಾರೆ. ಬ್ಯಾಟರಿಯ ಮಟ್ಟಿಗೆ ಈ ವಾದ ನಿರುತ್ತರವಾದುದು. ಆದರೆ ಬ್ಯಾಟರಿಗೆ ಹೊಂದುವ ನ್ಯಾಯವನ್ನು ಹಲಗೆಗೂ, ಕೊಂಡಿಗೂ, ತಾಡಪಾಲಿನ ಸರಳಿಗೂ ವಿಸ್ತರಿಸುವುದು ತರ್ಕವಲ್ಲ, ಅನುಕೂಲಶಾಸ್ತ್ರ. ಗಾಡಿಯೊಳಗೆ ಎರಡು ರಾಜ್ಯಗಳಿವೆಯೆಂದು ಒಪ್ಪಿಕೊಳ್ಳುವುದೇ ಸರಿಯಾದ ಮಾರ್ಗ: ತೊಟ್ಟಿಯ ನೆಲದಿಂದ ಕೆಳಗಿನದು ನಿರ್ಮಾಪಕನದು, ಮೇಲಿನದು ಒಡೆಯನದು. ಅಡಿಯಲ್ಲಿ ಕಲ್ಲೇಟು ತಡೆಯಲು ತಗಡು ಬಿಗಿಯುವಂಥ ಗಡಿಪ್ರದೇಶದ ಕೆಲಸಗಳೂ ಇವೆ. ಬ್ಯಾಟರಿಗೆ ಗಾಳಿ ಆಡದಂತೆ ಮುಚ್ಚಿದರೆ ರಕ್ಷೆಯೇ ರೋಗವಾಗುವುದರಿಂದ ಅಂಥವನ್ನು ನಿರ್ಮಾಪಕನ ನಕ್ಷೆಯಂತೆಯೇ ಮಾಡಬೇಕು. ಗಡಿಯನ್ನು ಎಳೆದು ಎರಡು ಕಡೆಯವರ ವಹಿವಾಟನ್ನು ಕಾಪಾಡಿಕೊಳ್ಳುವುದು ನಮ್ಮ ಸೀಮೆಯವರಿಗೆ ಅಪರಿಚಿತವಾದ ಕಲೆಯಲ್ಲ.

ಮತ್ತೊಂದು ಆಕ್ಷೇಪ ಹೆಚ್ಚು ಭಾರವಾದದ್ದು. ಒಂದೇ ಗಾಡಿಯ ಸಾಲ ಹೊತ್ತು ನಿಂತ ಬಡವನು ಇಷ್ಟೆಲ್ಲ ಲೆಕ್ಕ, ನಕ್ಷೆ, ಅನುಮತಿಗಳನ್ನು ಹೇಗೆ ನಿಭಾಯಿಸಿಯಾನು? ಒಂಟಿಯಾಗಿ ನಿಭಾಯಿಸಲಾರನು. ಎಮ್ಮಿಗನೂರಿನ ನೇಕಾರರೂ ಒಂಟಿಯಾಗಿ ಮಾರುಕಟ್ಟೆಯನ್ನು ಎದುರಿಸಲಾರದೆ ಇದ್ದವರೇ. 1938ರಲ್ಲಿ ಮಾಚಾನಿ ಸೋಮಪ್ಪನವರು ಅಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದರು, ನೂಲೂ ಮಾರಾಟವೂ ಸಂಘದ ಮೂಲಕ ನಡೆಯುವಂತಾಯಿತು, 1954ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸಣ್ಣ ಗಾಡಿಗಳ ಒಡೆಯರು ಅದೇ ಮಾರ್ಗದಲ್ಲಿ ಮಂಡಿಯ ಬಳಿ ಒಳ್ಳೆಯ ಅರ್ತಿಂಗ್ ಇರುವ, ಮೀಟರು ಇರುವ ಒಂದು ಚಾರ್ಜಿಂಗ್ ಅಂಗಳವನ್ನು ಸಂಘದ ಹೆಸರಿನಲ್ಲಿ ಮಾಡಿಕೊಂಡರೆ, ಹಮಾಲರು ಸರಕು ಇಳಿಸುವ ಹೊತ್ತೇ ಚಾರ್ಜಿನ ಹೊತ್ತಾಗುತ್ತದೆ. ಬಳ್ಳಾರಿಯಲ್ಲಿ ಅಂಥದೇ ಇನ್ನೊಂದಿದ್ದರೆ ಹೋಗಿ ಬರುವ ಅಂತರ ಅರ್ಧವಾದಂತೆ. ಬ್ಯಾಟರಿ ವಾಹನಗಳಿಗೆ ಪರ್ಮಿಟ್ಟಿನ ಅಗತ್ಯವಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ವಿನಾಯಿತಿ ಕೊಟ್ಟಿದೆ; 3,000 ಕಿಲೋ ಒಟ್ಟು ತೂಕ ಮೀರದ ಸರಕುಗಾಡಿಗಳಿಗೆ ಆ ವಿನಾಯಿತಿ ಅದಕ್ಕೂ ಮೊದಲೇ ಇತ್ತು. ಹಸಿರು ಫಲಕದ ಮೇಲೆ ಹಳದಿ ಅಕ್ಷರ ಬರೆಸಿಕೊಂಡ ಗಾಡಿಯನ್ನು ಗಡಿ ತಡೆಯುವುದಿಲ್ಲ. ಬರಿದಾದ ಬ್ಯಾಟರಿ ತಡೆಯುತ್ತದೆ.

ಆದುದರಿಂದ ಆಂಧ್ರ ಮತ್ತು ಕರ್ನಾಟಕದ ಸಾರಿಗೆ ಇಲಾಖೆಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು. ಸಣ್ಣ ವಿದ್ಯುತ್ ಸರಕುಗಾಡಿಗಳಿಗೆ ಒಡೆಯನು ಕೇಳದೆಯೇ ಮಾಡಿಸಬಹುದಾದ ಕೆಲಸಗಳು ಯಾವುವು, ಅನುಮತಿ ಪಡೆದು ಮಾಡಿಸಬೇಕಾದವು ಯಾವುವು, ಎಂದಿಗೂ ಮಾಡಿಸಕೂಡದವು ಯಾವುವು ಎಂಬ ಒಂದು ಪಟ್ಟಿಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅಚ್ಚು ಹಾಕಿ ಪ್ರತಿಯೊಂದು ಸಾರಿಗೆ ಕಚೇರಿಯ ಗೋಡೆಗೆ ಅಂಟಿಸಿರಿ. ಹತ್ತಿಗಾಗಿ ಬಿಚ್ಚಿಡಬಹುದಾದ ಚೌಕಟ್ಟಿನ ನಕ್ಷೆಯೊಂದನ್ನು, ಅದರ ತೂಕದ ಮಿತಿಯೊಡನೆ, ನೀವೇ ಮಂಜೂರು ಮಾಡಿ ಪ್ರಕಟಿಸಿರಿ. ಆದೋನಿಯ ವೆಲ್ಡಿಂಗ್ ಅಂಗಡಿಯವರಲ್ಲಿ ಯೋಗ್ಯರಾದವರನ್ನು ಆರಿಸಿ ತರಬೇತಿ ಕೊಟ್ಟು, ಆ ನಕ್ಷೆಯಂತೆ ಕಟ್ಟಿ ಪ್ರಮಾಣಪತ್ರ ಬರೆಯುವ ಅಧಿಕಾರವನ್ನು ಅವರಿಗೆ ಒಪ್ಪಿಸಿರಿ. ಗಾಡಿಯ ಒಡೆಯರಲ್ಲಿಯೂ ಒಂದು ಪ್ರಾರ್ಥನೆ: ಆ ಪಟ್ಟಿ ಬರುವವರೆಗೆ ಕಮಾನಿಗೆ ಪಟ್ಟಿ ಸೇರಿಸಬೇಡಿ, ತೊಟ್ಟಿಗೆ ಬೆಂಚು ಹಾಕಬೇಡಿ, ಕಿತ್ತಳೆ ತಂತಿಯ ಬಳಿಗೆ ಯಾರನ್ನೂ ಬಿಡಬೇಡಿ, ಅರ್ತಿಂಗ್ ಗುಂಡಿಗೆ ನೀರು ಹೊಯ್ಯುವುದನ್ನು ಮಾತ್ರ ತಪ್ಪಿಸಬೇಡಿ.